ಅತ್ತೆಯ ಲಗ್ನದ ಮೋಟಾರು

ನಮ್ಮ ಕಡೆ ಹಳೆಯ ಮೋಟಾರು ಇಟ್ಟುಕೊಂಡವರ ಮನೆಗೆ ಹೋದರೆ ಮೊದಲು ಚಹಾ ಬರುತ್ತದೆ, ಅದರ ಬೆನ್ನಿಗೇ ಮೋಟಾರಿನ ಕತೆ ಬರುತ್ತದೆ. ಚಹಾ ಬೇಡವೆನ್ನಬಹುದು, ಕತೆ ಬೇಡವೆನ್ನಲು ಬರುವುದಿಲ್ಲ. ಹಾನಗಲ್ಲಿನಲ್ಲಿ, ಅಂಥ ಒಂದು ಮೋಟಾರಿರುವ ಮನೆಯಲ್ಲಿ ಹುಟ್ಟಿ ಬೆಳೆದು, ಈ ಕತೆಗಳನ್ನು ಕೇಳುತ್ತಲೇ ನನಗೆ ಇಪ್ಪತ್ಮೂರು ತುಂಬಿದೆ. ಈಗ ಒಂದನ್ನು ನಾನೇ ಹೇಳಬೇಕೆಂದು ಕುಳಿತಿದ್ದೇನೆ. ನಮ್ಮ ಮೋಟಾರಿನ ಕತೆಯನ್ನು ಅಪ್ಪ ಹೋದಲ್ಲೆಲ್ಲ ಹೇಳುತ್ತಾರೆ, ಮತ್ತು ಅವರು ಈಗ ಹೇಳುತ್ತಿರುವುದು ಸುಳ್ಳು.

ನನಗೆ ತಿಳಿದಂತೆ ನಮ್ಮ ಸುತ್ತಿನಲ್ಲಿ ಅಂಥ ಮೋಟಾರುಗಳು ಮೂರೇ ಇದ್ದವು. ಒಂದು ನಮ್ಮದು. ಒಂದು ಸವಣೂರಿನ ಎಲೆ ವ್ಯಾಪಾರದ ಶೆಟ್ಟರದು. ಇನ್ನೊಂದು ಹಿರೇಕೆರೂರಿನ ಗೌಡರದು. ಶಿಗ್ಗಾಂವಿಯಲ್ಲಿ ಬಸ್ಸು ಲಾರಿಗಳಿಗೆ ಬರವಿರಲಿಲ್ಲ, ಆದರೆ ಲಗ್ನದ ಮೆರವಣಿಗೆಗೆ ಒಪ್ಪುವಂಥ ಮೋಟಾರು ಬೇಕೆಂದರೆ ಅಲ್ಲಿಯವರು ನಮ್ಮ ಬಾಗಿಲಿಗೇ ಬರಬೇಕಿತ್ತು.

ಶೆಟ್ಟರ ಮೋಟಾರು ಅವರ ತಂದೆಯನ್ನು ಮಿರಜಿನ ದವಾಖಾನೆಗೆ ಒಯ್ದು ಜೀವಂತ ತಿರುಗಿ ತಂದ ಮೋಟಾರು. ಅದನ್ನು ಅವರು ಮಂದಿಯ ಲಗ್ನಕ್ಕೆ ಕೊಡುವುದಿಲ್ಲ. ದಾರಿಯಲ್ಲಿ ಹಳ್ಳ ತುಂಬಿ ಬಂದಿತ್ತಂತೆ. ಆ ಹಳ್ಳದ ನೀರು ಮೊದಲ ಸಲ ನಾನು ಕೇಳಿದಾಗ ಗಾಲಿಯ ನಡುಮಟ್ಟಕ್ಕಿತ್ತು. ನಾನು ಮ್ಯಾಟ್ರಿಕ್ ಮುಗಿಸುವ ಹೊತ್ತಿಗೆ ಸೀಟಿನ ಮೇಲೆ ಹರಿಯುತ್ತಿತ್ತು. ಗೌಡರ ಮೋಟಾರು ಓಡುವುದೇ ಇಲ್ಲ. ಹುಣಸೆ ಮರದ ಕೆಳಗೆ ನಿಂತಿದೆ, ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆಯಿಡುತ್ತವೆ. ಗೌಡರ ಒಬ್ಬನೇ ಮಗ ಅದರಲ್ಲಿ ಡ್ರೈವಿಂಗ್ ಕಲಿತಿದ್ದ. ಕಲಿತ ವರ್ಷವೇ ಜ್ವರ ಬಂದು ತೀರಿಕೊಂಡ. ಗೌಡರು ಈಗಲೂ ಸಂಜೆ ಹೋಗಿ ಒಂದಷ್ಟು ಹೊತ್ತು ಸ್ಟೇರಿಂಗ್ ಹಿಡಿದು ಕೂಡುತ್ತಾರೆ. ಅವರು ಈ ಕತೆಯನ್ನು ತಾವಾಗಿ ಯಾರಿಗೂ ಹೇಳುವುದಿಲ್ಲ, ಹೇಳುವವರು ಬೇರೆಯವರು. ಹಾಗಾಗಿ ಅದರ ಬಗ್ಗೆ ನನ್ನ ತಕರಾರಿಲ್ಲ.

ಈ ಮೂವರೂ ಸ್ನೇಹಿತರು. ದಸರೆಯಲ್ಲಿ ಖಂಡೇಪೂಜೆ ಮುಗಿದ ಮರುದಿನ ಒಬ್ಬರ ಮನೆಯಲ್ಲಿ ಸೇರುವುದು ಅವರ ರೂಢಿ. ಅವರಲ್ಲಿ ಒಂದು ಅಲಿಖಿತ ಕರಾರಿದೆ: ಒಬ್ಬರ ಮೋಟಾರಿನ ಕತೆಯನ್ನು ಇನ್ನೊಬ್ಬರು ತಿದ್ದಕೂಡದು. ಹಳ್ಳದ ನೀರು ಎಷ್ಟೇ ಏರಲಿ, ಕೇಳುವವರು ತಲೆದೂಗಬೇಕು. ಚಿಕ್ಕವಳಿದ್ದಾಗ ನನಗಿದು ದೊಡ್ಡವರ ಮರ್ಯಾದೆಯ ರೀತಿಯೆನಿಸಿತ್ತು. ಈಗ ಹಾಗೆನಿಸುವುದಿಲ್ಲ.

ಅಪ್ಪನ ಕತೆ ಹೀಗೆ. ಸ್ವಾತಂತ್ರ್ಯ ಬರುವ ಹಿಂದಿನ ವರ್ಷ ಅಪ್ಪನ ಒಬ್ಬಳೇ ತಂಗಿಯ, ಎಂದರೆ ನನ್ನ ಅತ್ತೆಯ ಲಗ್ನ ಗೊತ್ತಾಯಿತು. ನಮ್ಮ ಅಜ್ಜ ಭತ್ತದ ವ್ಯಾಪಾರಿ. ಹದಿನಾರರ ಮಗಳು ಗಂಡನ ಮನೆಗೆ ಚಕ್ಕಡಿಯಲ್ಲಿ ಹೋಗುವುದು ಅವರಿಗೆ ಒಗ್ಗಲಿಲ್ಲ. ಹುಬ್ಬಳ್ಳಿಗೆ ಹೋಗಿ, ಊರು ಬಿಟ್ಟು ಹೊರಟಿದ್ದ ಒಬ್ಬ ಸಾಹೇಬನಿಂದ ಈ ಮೋಟಾರನ್ನು ಕೊಂಡು ತಂದರು. ಅಪ್ಪ ಹದಿನೈದೇ ದಿನದಲ್ಲಿ ಓಡಿಸಲು ಕಲಿತರು. ತಂಗಿಯನ್ನೂ ಅವಳ ಗಂಡನನ್ನೂ ಕೂರಿಸಿಕೊಂಡು ತಾವೇ ಓಡಿಸಿ ಹತ್ತಿಮತ್ತೂರಿಗೆ ಮುಟ್ಟಿಸಿದರು. "ಇದು ನನ್ನ ತಂಗಿ ಲಗ್ನಕ್ಕ ತಂದ ಗಾಡಿರಿ" ಎಂದು ಅಪ್ಪ ಶುರು ಮಾಡುತ್ತಾರೆ. ಮುಗಿಸುವ ಹೊತ್ತಿಗೆ ಅವರ ಕಣ್ಣು ಒದ್ದೆಯಾಗಿರುತ್ತದೆ. ಆ ನೀರು ನಿಜವಾದದ್ದು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಅಪ್ಪನಿಗೆ ಇನ್ನೊಂದು ಕತೆಯೂ ಉಂಟು. ಅದನ್ನು ಬೇರೆ ದಿನ, ಬೇರೆ ಜನರಿಗೆ ಹೇಳುತ್ತಾರೆ. ಮೋಟಾರು ಕೇಳಲು ಬಂದ ಬೀಗರಿಗೆ ಹೇಳುವ ಕತೆ ಅದು: ಈ ಮೋಟಾರಿನಲ್ಲಿ ಕುಳಿತ ಮದುಮಗಳು ಯಾರೂ ಮುತ್ತೈದೆತನ ಕಳೆದುಕೊಂಡಿಲ್ಲ.

ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ನಮ್ಮ ಮಾಸ್ತರರು ದಿನಚರಿ ಬರೆಯುವ ಅಭ್ಯಾಸ ಹಚ್ಚಿದರು. ಬೇರೆ ಹುಡುಗಿಯರು ಒಂದು ತಿಂಗಳಿಗೆ ಬಿಟ್ಟರು, ನಾನು ಬಿಡಲಿಲ್ಲ. ಯಾವ ತಾರೀಖು ಮಳೆ ಹಿಡಿಯಿತು, ಎಮ್ಮೆ ಎಂದು ಈಯಿತು, ಮೋಟಾರು ಯಾವ ಊರಿನ ಯಾವ ಲಗ್ನಕ್ಕೆ ಹೋಯಿತು, ಎಲ್ಲ ಬರೆದಿಡುತ್ತಿದ್ದೆ. ಹಿಂದಿನ ಲಗ್ನಗಳನ್ನು ಅಪ್ಪನೇ ನೆನಪು ಮಾಡಿಕೊಂಡು ಹೇಳಿ ಬರೆಸಿದ್ದರು. ಬಾಡಿಗೆಯ ಮಾತು ಇರಲಿಲ್ಲ. ಮೋಟಾರು ಕೊಡುವುದು ಮನೆತನದ ಮರ್ಯಾದೆ. ತಿರುಗಿ ಬರುವಾಗ ಅಪ್ಪನ ತಲೆಗೆ ಒಂದು ರುಮಾಲು, ಅವ್ವನಿಗೆ ಒಂದು ಕುಪ್ಪಸದ ಕಣ, ಮೋಟಾರಿಗೆ ಒಂದು ತೆಂಗಿನಕಾಯಿ ಬರುತ್ತಿದ್ದವು. ಮೊದಲ ಸಲ ಪಟ್ಟಿ ಮಾಡುವಾಗ ನಾನು ಎಲ್ಲಕ್ಕೂ ಮೇಲೆ ಅತ್ತೆಯ ಲಗ್ನ ಬರೆದೆ. ಅಪ್ಪ ನೋಡಿ, ಅದು ಮನೆಯದು, ಮಂದಿಯ ಲಗ್ನಗಳಿಂದ ಹಿಡಿ ಎಂದರು. ಆಗ ನಾನು ಯಾಕೆಂದು ಕೇಳಲಿಲ್ಲ. ಮನೆಯ ಲೆಕ್ಕ ಬೇರೆ, ಹೊರಗಿನ ಲೆಕ್ಕ ಬೇರೆ ಇಡುವುದು ವ್ಯಾಪಾರದ ಮನೆಯಲ್ಲಿ ಸಹಜವೇ ಅಲ್ಲವೆ?

ಅತ್ತೆ ಗಂಡನ ಮನೆಯಲ್ಲಿದ್ದದ್ದು ಮೂರೇ ವರ್ಷ. ವಿಷಮಜ್ವರದಲ್ಲಿ ಅವಳ ಗಂಡ ತೀರಿಕೊಂಡರು. ಅತ್ತೆಯನ್ನು ತವರಿಗೆ ಕರೆತಂದದ್ದು ಚಕ್ಕಡಿಯಲ್ಲಿ. ಮೋಟಾರು ಆ ದಿನ ಎಲ್ಲಿತ್ತೆಂದು ಅವ್ವನನ್ನು ಕೇಳಿದ್ದೆ. ಬಂಕಾಪುರದಲ್ಲಿ ಯಾರದೋ ಲಗ್ನಕ್ಕೆ ಹೋಗಿತ್ತು ಎಂದಳು. ಒಂದು ದಿನ ತಡೆದು ಮೋಟಾರಿನಲ್ಲೇ ತರಬಹುದಿತ್ತಲ್ಲ ಎಂದೆ. ಅವ್ವ ಹಿಟ್ಟಿಗೆ ಇನ್ನಷ್ಟು ನೀರು ಹಾಕಿ ನಾದಿದಳು. ಅಂದಿನಿಂದ ಅತ್ತೆ ಮೋಟಾರಿನೊಳಗೆ ಕಾಲಿಟ್ಟಿಲ್ಲ. ಯಾರೂ ಬಾಯಿಬಿಟ್ಟು ಇಡಬೇಡವೆಂದು ಹೇಳಿರಲಿಲ್ಲ. ನಾವೆಲ್ಲ ಮೋಟಾರಿನಲ್ಲಿ ಬಂಕಾಪುರದ ಕೋಟೆ ನೋಡಲು ಹೋದಾಗ ಅತ್ತೆ ಮನೆ ಕಾಯಲು ಉಳಿಯುತ್ತಿದ್ದಳು. ಸವಣೂರಿಗೆ ಹೋದಾಗ ಅವಳಿಗೆ ತಲೆನೋವು ಬರುತ್ತಿತ್ತು. ಆ ತಲೆನೋವನ್ನು ನಾನು ಎಷ್ಟೋ ವರ್ಷ ನಿಜವೆಂದೇ ನಂಬಿದ್ದೆ.

ಆದರೆ ಆ ಮೋಟಾರಿನಲ್ಲಿ ಅತ್ತೆಯ ಕೈ ಮುಟ್ಟದ ಜಾಗವಿರಲಿಲ್ಲ. ಅವಳ ಹತ್ತಿರ ಒಂದು ಹೊಲಿಗೆ ಮಿಶನ್ ಇತ್ತು, ಕೈಯಿಂದ ತಿರುಗಿಸುವಂಥದ್ದು. ಸೀಟಿನ ಹೊದಿಕೆಗಳನ್ನು, ಕಿಟಕಿಯ ಹಸಿರು ಪರದೆಗಳನ್ನು, ಪರದೆಯ ಅಂಚಿನ ನೆರಿಗೆಯನ್ನು ಹೊಲಿದವಳು ಅವಳು. ಅಳತೆಯನ್ನು ನಾನು ಒಳಗೆ ಕುಳಿತು ದಾರದಲ್ಲಿ ತೆಗೆದುಕೊಡುತ್ತಿದ್ದೆ, ಅತ್ತೆ ಹೊರಗೆ ನಿಂತು ಇಸಿದುಕೊಳ್ಳುತ್ತಿದ್ದಳು. ಲಗ್ನಕ್ಕೆ ಹೊರಡುವ ದಿನ ಅವ್ವ ಮೋಟಾರಿನ ಮೂತಿಗೆ ಅರಿಷಿಣ ಕುಂಕುಮ ಹಚ್ಚಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಡುವಾಗ ಅತ್ತೆ ಹಿತ್ತಲಿಗೆ ಹೋಗುತ್ತಿದ್ದಳು. ಹಾರ್ನು ಕೇಳಿ ಮೋಟಾರು ದೂರ ಹೋಯಿತೆಂದು ಖಾತ್ರಿಯಾದ ಮೇಲೆ ಒಳಗೆ ಬರುತ್ತಿದ್ದಳು.

ಇಷ್ಟಾಗಿಯೂ ಅಪ್ಪ ಅತ್ತೆಯನ್ನು ಪ್ರೀತಿಸುತ್ತಿರಲಿಲ್ಲವೆಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ೧೯೬೨ರ ಬೇಸಿಗೆಯಲ್ಲಿ ಹಿರೇಕೆರೂರಿನ ಗೌಡರು ಒಂದು ಸಂಬಂಧ ತಂದಾಗ ತಡಮಾಡದೆ ಹೂಂ ಅಂದವರು ಅಪ್ಪನೇ. ಅಲ್ಲಿಯ ಕನ್ನಡ ಶಾಲೆಯ ಒಬ್ಬ ಮಾಸ್ತರರು. ಹೆಂಡತಿ ತೀರಿ ನಾಲ್ಕು ವರ್ಷ, ಎಂಟು ವರ್ಷದ ಒಬ್ಬ ಮಗಳು. ನಮ್ಮಲ್ಲಿ ಗಂಡ ಸತ್ತವಳಿಗೆ ಇನ್ನೊಂದು ಮನೆ ಮಾಡಿಕೊಡುವುದಕ್ಕೆ ಉಡಿಕಿ ಎನ್ನುತ್ತಾರೆ. ಅದಕ್ಕೆ ಅಡ್ಡಿಯಿಲ್ಲ, ಆದರೆ ಅದಕ್ಕೆ ಬಾಸಿಂಗವಿಲ್ಲ, ಬಾಜಾಬಜಂತ್ರಿಯಿಲ್ಲ. ದೀಪ ಹಚ್ಚಿದ ಮೇಲೆ ನಾಲ್ಕು ಜನ ಹಿರಿಯರ ಮುಂದೆ ಸೀರೆ ಉಡಿಸಿ, ಸದ್ದಿಲ್ಲದೆ ಕಳಿಸಿಬಿಡುವುದು. ಮುತ್ತೈದೆಯರು ಮುಂದೆ ಬರುವುದಿಲ್ಲ. ಮಾಸ್ತರರು ಅತ್ತೆಯನ್ನು ನೋಡಲು ಬಂದ ದಿನ, ತಮಗೆ ಏನೂ ಬೇಡ, ಆದರೆ ಕತ್ತಲಲ್ಲಿ ಮಾಡುವುದು ಮನಸ್ಸಿಗೆ ಬರುವುದಿಲ್ಲ, ಮುಂಜಾನೆ ಮಾಡಿಕೊಡಿ ಎಂದರು. ಗೌಡರು ಅದಕ್ಕೆ ಒತ್ತಾಸೆಯಾದರು, ಅಪ್ಪ ಒಪ್ಪಿದರು.

ಅವರು ಹೋದ ಮೇಲೆ ಅತ್ತೆ ಪಡಸಾಲೆಗೆ ಬಂದು ಕಂಬ ಹಿಡಿದು ನಿಂತಳು. ಅವಳು ಅಪ್ಪನೆದುರು ಏನಾದರೂ ಕೇಳಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಅಣ್ಣಾ, ನನಗ ಏನೂ ಕೊಡಬ್ಯಾಡ. ಹೋಗೂ ದಿನ ನಮ್ಮ ಮೋಟಾರಿನಾಗ ಕಳಸು, ಸಾಕು. ಹಗಲಿನಾಗ, ಮಂದಿ ಕಾಣೂ ಹಂಗ."

ಅಪ್ಪ ಓದುತ್ತಿದ್ದ ಪೇಪರನ್ನು ಮಡಿಚಿದರು, ಮತ್ತೆ ಬಿಚ್ಚಿದರು. ಉಡಿಕಿಗೆ ಯಾರಾದರೂ ಮೋಟಾರು ಕಟ್ಟುತ್ತಾರೇನು ಎಂದರು. ತಾವು ಅಡ್ಡಿ ಅನ್ನುತ್ತಿಲ್ಲ, ಮಂದಿ ಅನ್ನುತ್ತಾರೆ ಎಂದರು. ಉಡಿಕಿಯಾದ ಮರುವಾರವೇ ಶಿಗ್ಗಾಂವಿಯ ದೊಡ್ಡ ಮನೆಯ ಲಗ್ನವಿತ್ತು. ಅಲ್ಲಿಯ ಹತ್ತಿ ವ್ಯಾಪಾರಿಯ ಮಗನ ಮೆರವಣಿಗೆಗೆ ನಮ್ಮ ಮೋಟಾರು ಗೊತ್ತಾಗಿ ತಿಂಗಳಾಗಿತ್ತು. ಗಂಡ ಸತ್ತವಳು ಕುಳಿತ ಗಾಡಿ ಎಂದು ಅವರ ಕಿವಿಗೆ ಬಿದ್ದರೆ ಬೇಡವೆನ್ನುತ್ತಾರೆ, ಇಷ್ಟು ವರ್ಷ ಕಾಯ್ದುಕೊಂಡ ಹೆಸರು ಹೋಗುತ್ತದೆ ಎಂದರು. ಅತ್ತೆ ಕಂಬ ಬಿಡದೆ ನಿಂತೇ ಇದ್ದಳು. ಅವಳು ಹೋಗಿದ್ದರೆ ಅಪ್ಪನಿಗೆ ಹಗುರಾಗುತ್ತಿತ್ತು. ಕೊನೆಗೆ ತಾವೇ ಒಂದು ದಾರಿ ಹುಡುಕಿದರು.

"ಹಂಗಾರ ಹಿಂಗ ಮಾಡೂಣು. ಹೊತ್ತು ಮುಳುಗಿದ ಮ್ಯಾಲ ಹೊರಡೂಣು. ಪರದೆ ಇಳೇಬಿಟ್ಟರ ಯಾರಿಗೂ ಕಾಣೂದಿಲ್ಲ. ಹಿರೇಕೆರೂರ ಕೆರಿ ಏರಿ ಹತ್ತರ ಇಳಿಸ್ತೇನಿ, ಅಲ್ಲಿಂದ ನಡಕೊಂಡು ಹೋಗಬಹುದು."

"ಆ ಪರದೆ ಹೊಲದಾಕಿ ನಾನ," ಎಂದಳು ಅತ್ತೆ. "ಅದರ ಹಿಂದ ಅಡಗಿಕೊಂಡು ಕೂಡಾಕ ಹೊಲದಿಲ್ಲ."

ಅಷ್ಟು ಹೇಳಿ ಒಳಗೆ ಹೋದಳು. ನನಗೆ ತಡೆಯಲಾಗಲಿಲ್ಲ. ಮೋಟಾರಿನ ಹೆಸರು, ಮೋಟಾರಿನ ಹೆಸರು! ಅದನ್ನು ಯಾರಿಗಾಗಿ ತಂದರೋ ಅವಳಿಂದಲೇ ಅದನ್ನು ಕಾಯಬೇಕಾಯಿತೆ? ಆ ಹೊತ್ತಿಗೆ ನನ್ನ ಪಟ್ಟಿಯಲ್ಲಿ ಮೂವತ್ತೊಂದು ಲಗ್ನಗಳಿದ್ದವು. ಅಷ್ಟೂ ಮನೆಗಳ ಮದುಮಕ್ಕಳು ಕುಳಿತೆದ್ದ ಸೀಟು, ಮನೆಯ ಮಗಳಿಗೆ ಮಾತ್ರ ಕೆರೆಯ ಏರಿಯವರೆಗೆ, ಅದೂ ಕತ್ತಲಾದ ಮೇಲೆ.

"ಈ ಗಾಡಿಯಾಗ ಮೊದಲ ಕುಂತ ಮದಲಗಿತ್ತಿ ಯಾರ್ರಿ ಅಪ್ಪಾ?" ಎಂದು ಕೇಳಿದೆ. "ನಿಮ್ಮ ಲೆಕ್ಕ ಎರಡನೇದರಿಂದ ಯಾಕ ಚಾಲೂ ಆಗ್ತೈತಿ?"

ಅಪ್ಪ ನನ್ನನ್ನು ನೋಡಲಿಲ್ಲ. ಅಡಿಗೆ ಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವನ ಕಡೆ ತಿರುಗಿ, ಇದಕ್ಕೆ ಸಾಲಿ ಕಲಿಸಿದ್ದು ಹೆಚ್ಚಾಯಿತು ಎಂದು ಹೇಳಿ ಎದ್ದು ಶೆಡ್ಡಿಗೆ ಹೋದರು. ಅವ್ವ ಆ ಕಡೆ ನೋಡಿ, "ಗಾಡಿ ಒರಸಾಕ ಹೋದ್ರು. ಇನ್ನ ಉಣ್ಣೂ ಹೊತ್ತಿಗೇ ಬರೂದು" ಎಂದಳು. ಒರೆಸಲು ಅದರ ಮೇಲೆ ಧೂಳೇ ಇರಲಿಲ್ಲ.

ಉಡಿಕಿಯ ದಿನ ಬೆಳಿಗ್ಗೆ ಹಿರಿಯರು ನಾಲ್ಕು ಜನ ಬಂದರು. ಮಾಸ್ತರರು ಮಗಳನ್ನು ಊರಿನಲ್ಲೇ ಬಿಟ್ಟು ಒಬ್ಬ ತಮ್ಮನೊಡನೆ ಬಂದಿದ್ದರು. ಅತ್ತೆಗೆ ಸೀರೆ ಉಡಿಸಿಯಾಯಿತು. ಪದ್ಧತಿಯಂತೆ ಅವ್ವ ಒಳಗೇ ಇರಬೇಕಿತ್ತು. ಅವಳು ಹೊರಗೆ ಬಂದಳು. ಕುಂಕುಮದ ಭರಣಿ ತಂದು, ಹಿರಿಯರ ಮುಂದೆಯೇ ಅತ್ತೆಯ ಹಣೆಗೆ ಹಚ್ಚಿದಳು. ಒಬ್ಬ ಹಿರಿಯರು ಕೆಮ್ಮಿದರು, ಅಷ್ಟೆ. ಯಾರಿಗೂ ಏನೂ ಆಗಲಿಲ್ಲ.

ಅಪ್ಪ ಆವರೆಗೂ, ಅತ್ತೆ ಕೊನೆಗೆ ಸಂಜೆಯ ಮಾತಿಗೆ ಒಪ್ಪುತ್ತಾಳೆ ಎಂದೇ ತಿಳಿದಿದ್ದರು. ಪೆಟ್ರೋಲು ಹಾಕಿಸಿಟ್ಟಿದ್ದರು. ಊಟವಾದ ಕೂಡಲೇ ಅತ್ತೆ ತನ್ನ ಟ್ರಂಕನ್ನು ಬಾಗಿಲಿಗೆ ತಂದಿಟ್ಟು, ಮಧ್ಯಾಹ್ನದ ಬಸ್ಸಿಗೆ ಹೊರಡುವುದೆಂದು ಮಾಸ್ತರರಿಗೆ ಹೇಳಿದಳು. ಅಪ್ಪನ ಕಾಲಿಗೆ ನಮಸ್ಕಾರ ಮಾಡಿದಳು. ಅಪ್ಪ, ಬಸ್ಸಿನಾಗ ಏನು ಹೋಗ್ತೀಯವ್ವಾ ಎಂದರು. ಅವಳು ಚಪ್ಪಲಿ ಮೆಟ್ಟಿ ಅಂಗಳಕ್ಕೆ ಇಳಿದಳು. ಜೊತೆಗೆ ತವರಿನವರು ಒಬ್ಬರು ಹೋಗಬೇಕಲ್ಲ, ಅವ್ವ ನನ್ನನ್ನು ಕಳಿಸಿದಳು.

ಪೇಟೆಯ ನಡುವೆ ನಡೆದೇ ಹೋದೆವು. ಮುಂದೆ ಟ್ರಂಕು ಹೊತ್ತ ಮಾಸ್ತರರ ತಮ್ಮ, ಹಿಂದೆ ಹೊಲಿಗೆ ಮಿಶನ್ನನ್ನು ಹೆಗಲ ಮೇಲಿಟ್ಟುಕೊಂಡ ಮಾಸ್ತರರು, ಅವರ ಬದಿಗೆ ಅತ್ತೆ, ಕೊನೆಗೆ ನಾನು. ಅತ್ತೆ ತಲೆಯ ಮೇಲೆ ಸೆರಗು ಹೊದ್ದಿದ್ದಳು, ಆದರೆ ಮುಖ ತಗ್ಗಿಸಿರಲಿಲ್ಲ. ಅಂಗಡಿಕಟ್ಟೆಯ ಮೇಲೆ ಕುಳಿತ ಒಬ್ಬ ಮುದುಕ, ನಮ್ಮ ಮನೆಯ ಎಲ್ಲ ಸಂಗತಿ ಬಲ್ಲವನು, ಸುಮ್ಮನಿರಲಿಲ್ಲ.

"ಏನ್ರಿ ಮಾಸ್ತರ, ಸಾವ್ಕಾರ್ರು ಹೆಣ್ಣು ಕೊಟ್ಟರೋ ಮಿಶನ್ ಕೊಟ್ಟರೋ?"

ಮಾಸ್ತರರು ಮಿಶನ್ನನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದರು. "ಎರಡೂ ಕೊಟ್ಟಾರ್ರಿ ಅಜ್ಜಾರ. ಮೋಟಾರ ಒಂದು ತಾವ ಇಟ್ಟಕೊಂಡಾರ."

ಕಟ್ಟೆಯವರೆಲ್ಲ ನಕ್ಕರು. ಅತ್ತೆಯೂ ನಕ್ಕಳು. ಅವಳು ಬೀದಿಯಲ್ಲಿ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಸ್ಸಿನಲ್ಲಿ ಕಿಟಕಿಯ ಜಾಗ ಕೇಳಿ ಕುಳಿತಳು, ಅಕ್ಕಿಆಲೂರು ದಾಟುವವರೆಗೂ ಹೊರಗೇ ನೋಡುತ್ತಿದ್ದಳು. ಹಿರೇಕೆರೂರಿನ ಸ್ಟ್ಯಾಂಡಿನಲ್ಲಿ ಗೌಡರು, ಮೋಟಾರು ಅದೇ ದಾರಿಯಲ್ಲಿ ಬರುತ್ತದೆಂದು, ಮಾಸ್ತರರ ಮಗಳ ಕೈ ಹಿಡಿದುಕೊಂಡು ಕಾಯುತ್ತಿದ್ದರು. ನಾವು ಬಸ್ಸಿನಿಂದ ಇಳಿಯುವುದನ್ನು ನೋಡಿ ಅವರ ಮುಖ ಸಣ್ಣದಾಯಿತು. ಮೋಟಾರು ಕೆಟ್ಟಿತೇನು ಎಂದು ನನ್ನನ್ನು ಕೇಳಿದರು. ಇಲ್ಲವೆಂದೆ.

ಮರುವಾರ ಶಿಗ್ಗಾಂವಿಯ ಲಗ್ನ. ಅವ್ವ, ನಾನು ಮೋಟಾರಿನಲ್ಲೇ ಹೋಗಿದ್ದೆವು. ದಾರಿಯುದ್ದಕ್ಕೂ ಅಪ್ಪನಿಗೆ ಅಳುಕು. ಅತ್ತೆಯ ಉಡಿಕಿಯ ಸುದ್ದಿ ಆ ಮನೆಯವರೆಗೆ ಬಂದಿರಬಹುದು, ಏನಾದರೂ ಅನ್ನಬಹುದು ಎಂದು. ಮೆರವಣಿಗೆ ಮುಗಿಯಿತು. ಊಟದ ಪಂಕ್ತಿ ಎದ್ದ ಮೇಲೆ ಮದುಮಗನ ತಂದೆ ಬಂದು ಅಪ್ಪನ ಹತ್ತಿರ ಕುಳಿತು ಎಲೆಅಡಿಕೆಯ ತಬಕು ಮುಂದೆ ಸರಿಸಿದರು. ನಾನು ಅವ್ವನ ಜೊತೆ ನಾಲ್ಕು ಮಾರು ದೂರದಲ್ಲಿದ್ದೆ. ಅವರು ಹೇಳಿದ್ದನ್ನು ಅಂದೇ ಬರೆದಿಟ್ಟಿದ್ದೇನೆ.

"ನಿಮ್ಮ ತಂಗಿದು ಕೇಳಿದೆ, ಸಾವ್ಕಾರ್ರ. ಭಾಳ ಚಲೋ ಕೆಲಸ ಮಾಡಿದ್ರಿ. ಆಕಿನ್ನ ಇದ ಗಾಡಿಯಾಗ ಕಳಿಸಿರಬೇಕಲ್ಲ?"

ನಾನು ಅಪ್ಪನ ಮುಖ ನೋಡಿದೆ. ಅಲ್ಲಿ ಒಂದು ಕ್ಷಣ ಗೊಂದಲವಿತ್ತು. ಆಮೇಲೆ ಅದು ಹೋಯಿತು.

"ಹೌದ್ರಿ," ಎಂದರು ಅಪ್ಪ. "ಇದರಾಗ ಕಳಿಸಿದ್ನಿ. ಮತ್ತ ಯಾರ ಸಲುವಾಗಿ ತಂದದ್ದು ಇದನ್ನ?"

ಯಾರ ಹೆದರಿಕೆಯಿಂದ ಅತ್ತೆಯನ್ನು ಬಸ್ಸಿಗೆ ಕಳಿಸಿದರೋ ಅವರೇ ಮೆಚ್ಚಿ ಕೇಳಿದ್ದರು! ಹಾಗಾದರೆ ಮಂದಿ ಎಂದರೆ ಯಾರು? ಇಷ್ಟು ವರ್ಷ ಅತ್ತೆಯನ್ನು ಹಿತ್ತಲಿನಲ್ಲಿ ನಿಲ್ಲಿಸಿದವರು ಯಾರು? ತಿರುಗಿ ಬರುವಾಗ ಬಂಕಾಪುರದ ಹತ್ತಿರ ರೇಡಿಯೇಟರಿಗೆ ನೀರು ಹಾಕಲು ಮೋಟಾರು ನಿಲ್ಲಿಸಿದಾಗ ಅಪ್ಪನಿಗೆ ಕೇಳಿದೆ, ಹಾಗೇಕೆ ಹೇಳಿದಿರಿ ಎಂದು. ಹಿರಿಯರು ಒಳ್ಳೆಯ ಮನಸ್ಸಿನಿಂದ ಕೇಳಿದರು, ಇಲ್ಲ ಅನ್ನುವುದು ಚಂದ ಕಾಣುತ್ತಿರಲಿಲ್ಲ ಎಂದರು. ಒಂದು ಮಾತಿನಿಂದ ಯಾರಿಗೆ ಏನು ಲುಕ್ಸಾನಾಯಿತು ಎಂದರು. ಅವ್ವ ಅಷ್ಟು ಹೊತ್ತು ಮಡಿಲಲ್ಲಿಟ್ಟುಕೊಂಡಿದ್ದ ಕಣವನ್ನು ತೆಗೆದು ಸೀಟಿನ ಮೂಲೆಗೆ ಹಾಕಿದಳು.

ಒಂದು ಮಾತಿಗೆ ಅದು ನಿಲ್ಲಲಿಲ್ಲ. ಶಿಗ್ಗಾಂವಿಯಲ್ಲಿ ಒಮ್ಮೆ ಹೇಳಿದ್ದು ಹಿರೇಬೆಂಡಿಗೇರಿಯ ಲಗ್ನದಲ್ಲಿ ಇನ್ನಷ್ಟು ಬೆಳೆಯಿತು. ಆಷಾಢದೊಳಗೆ ಅತ್ತೆ ಹೊರಟ ಮೋಟಾರಿನ ಮೂತಿಗೆ ಮಲ್ಲಿಗೆಯ ಮಾಲೆ ಬಂತು. ಶ್ರಾವಣದಲ್ಲಿ ಅಕ್ಕಿಆಲೂರಿನ ಹತ್ತಿರ ಒಂದು ಟಾಯರು ಒಡೆಯಿತು, ಮಾಸ್ತರರು ಸ್ವತಃ ಜ್ಯಾಕು ಹಿಡಿದರು. ಗಣೇಶ ಚೌತಿಯ ಹೊತ್ತಿಗೆ ಅತ್ತೆ ಮುಂದಿನ ಸೀಟಿನಲ್ಲಿ ಅಪ್ಪನ ಪಕ್ಕದಲ್ಲೇ ಕುಳಿತು, ಮೊದಲ ಲಗ್ನದ ದಿನ ನೆನೆದು ಕಣ್ಣೀರು ಹಾಕಿದಳು. ಒಂದೊಂದು ಸೇರಿದಾಗಲೂ ತಾರೀಖು ಹಾಕಿ ಬರೆದುಕೊಂಡೆ. ಬರೆಯುವಾಗ ನನ್ನ ಪೆನ್ನಿನ ಮೊನೆ ಹಾಳೆ ಹರಿದದ್ದೂ ಉಂಟು. ಅಪ್ಪನ ಕತೆ ಈಗ ಮೊದಲಿಗಿಂತ ಚೆನ್ನಾಗಿತ್ತು. ಎರಡು ಸಲ ತಂಗಿಯನ್ನು ಗಂಡನ ಮನೆಗೆ ಮುಟ್ಟಿಸಿದ ಮೋಟಾರು! ಕೇಳಿದವರು ಹೋಗುವಾಗ ಅದರ ಬಾನೆಟ್ಟು ಮುಟ್ಟಿ ನಮಸ್ಕಾರ ಮಾಡಿ ಹೋಗುತ್ತಿದ್ದರು. ಮುತ್ತೈದೆತನದ ಕತೆಯನ್ನು ಅಪ್ಪ ಆಗಿನಿಂದ ಬಿಟ್ಟುಬಿಟ್ಟರು. ಅದರ ಅಗತ್ಯ ಉಳಿದಿರಲಿಲ್ಲ.

ಆ ವರ್ಷ ಖಂಡೇಪೂಜೆಯ ಮರುದಿನದ ಕೂಟ ನಮ್ಮ ಮನೆಯಲ್ಲಿ. ಅತ್ತೆ ಹಬ್ಬಕ್ಕೆ ಬಂದಿದ್ದಳು, ಮಾಸ್ತರರ ಮಗಳೂ ಬಂದಿತ್ತು. ಆ ಹುಡುಗಿ ಅತ್ತೆಗೆ ಅವ್ವಾ ಎನ್ನುತ್ತಿತ್ತು. ಪಡಸಾಲೆಯಲ್ಲಿ ಸವಣೂರಿನ ಶೆಟ್ಟರು, ಹಿರೇಕೆರೂರಿನ ಗೌಡರು, ಜೊತೆಗೆ ಶೆಟ್ಟರು ಕರೆತಂದ ಒಬ್ಬ ಹೊಸಬರು. ಅವರಿಗೆ ಮಗಳ ಲಗ್ನಕ್ಕೆ ಮೋಟಾರು ಬೇಕಿತ್ತು. ಹೊಸ ಕಿವಿ ಸಿಕ್ಕ ಮೇಲೆ ಕೇಳಬೇಕೆ? ಶೆಟ್ಟರು ಹಳ್ಳ ದಾಟಿ ಮಿರಜಿಗೆ ಹೋಗಿ ಬಂದರು. ಆಮೇಲೆ ಅಪ್ಪನ ಸರದಿ. ಹತ್ತಿಮತ್ತೂರು ಮುಗಿಯಿತು, ಹಿರೇಕೆರೂರು ಶುರುವಾಯಿತು. ಮಾಲೆ ಬಂತು, ಟಾಯರು ಒಡೆಯಿತು. ನಾನು ಗೌಡರನ್ನೇ ನೋಡುತ್ತಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ನಮ್ಮನ್ನು ಇಳಿಸಿಕೊಂಡವರು ಅವರು. ಅವರು ಬಸಿಯಲ್ಲಿದ್ದ ಚಹಾ ನೋಡುತ್ತ ಕುಳಿತಿದ್ದರು. ಕರಾರು ಮುರಿಯಲಿಲ್ಲ.

ಅತ್ತೆ ಚುರುಮುರಿಯ ತಾಟು ತರುತ್ತಿದ್ದವಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಅಪ್ಪ ಆ ಕಡೆ ಬೆನ್ನು ಮಾಡಿ ಕುಳಿತಿದ್ದರು. ಮುಂದಿನ ಸೀಟಿನ ಕಣ್ಣೀರಿನವರೆಗೆ ಬಂದಾಗ ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡರು. ಹೊಸಬರು ಅತ್ತೆಯನ್ನು ನೋಡಿ, ಇವರೇನು ಆ ತಂಗಿ ಎಂದು ಕೈ ಮುಗಿದರು, ಅಂಥ ಅಣ್ಣ ಸಿಗಬೇಕು ಎಂದರು.

ಅತ್ತೆ ತಾಟನ್ನು ಅವರ ಮುಂದೆ ಇಟ್ಟಳು.

"ನಾ ಬಸ್ಸಿನಾಗ ಹೋಗೇನ್ರಿ," ಎಂದಳು. "ಗೌಡ್ರನ್ನ ಕೇಳ್ರಿ, ಅವರು ಸ್ಟ್ಯಾಂಡಿನಾಗ ಇದ್ರು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಶೆಟ್ಟರು ಎಲೆಗೆ ಸುಣ್ಣ ಹಚ್ಚುತ್ತ ಕೈ ನಿಲ್ಲಿಸಿದರು. ಹೊಸಬರು ಗೌಡರ ಕಡೆ ತಿರುಗಿದರು. ಗೌಡರು ಬಸಿ ಕೆಳಗಿಟ್ಟು, ಹೌದು ಎಂದರು. ಅವರು ಹೇಳಿದ್ದು ಅಷ್ಟೇ. ಹೊಸಬರು ಲಗ್ನದ ತಾರೀಖು ಹೇಳಿ ಎದ್ದರು. ಮೋಟಾರು ಬೇಡವೆಂದು ಅವರೂ ಅನ್ನಲಿಲ್ಲ.

ಅತ್ತೆ ಆ ಸಂಜೆಯೇ ಹೊರಡುವವಳಿದ್ದಳು. ಅವಳು ಮಗುವಿಗೆ ಜಡೆ ಹಾಕುತ್ತಿದ್ದಾಗ ಶೆಡ್ಡಿನಲ್ಲಿ ಹ್ಯಾಂಡಲು ತಿರುಗಿಸುವ ಸದ್ದು ಕೇಳಿಸಿತು. ಮೋಟಾರು ಮನೆಯ ಮುಂದೆ ಬಂದು ನಿಂತಿತು. ಹಗಲು ಇನ್ನೂ ಚೆನ್ನಾಗಿಯೇ ಇತ್ತು, ಎದುರು ಕಟ್ಟೆಗಳ ಮೇಲೆ ಜನರಿದ್ದರು. ಅಪ್ಪ ಇಳಿದು ಬಂದು ಮುಂದಿನ ಬಾಗಿಲು ತೆರೆದು ಹಿಡಿದರು. ಪರದೆಗಳನ್ನೆಲ್ಲ ಬದಿಗೆ ಸರಿಸಿ ಕಟ್ಟಿದ್ದರು.

"ಬಾರವ್ವಾ, ಕೂಡು," ಎಂದರು. "ಮನೀ ಬಾಗಲತನಕ ಬಿಟ್ಟು ಬರ್ತೇನಿ."

ಆ ಕ್ಷಣದಲ್ಲಿ ನನ್ನ ಸಿಟ್ಟು ಸ್ವಲ್ಪ ಸಡಿಲಾಯಿತೆಂದು ಬರೆಯದಿದ್ದರೆ ತಪ್ಪಾದೀತು. ಕೂಡಲಿ, ಒಮ್ಮೆ ಕೂಡಲಿ ಎಂದುಕೊಂಡೆ. ಮಗು ಆಗಲೇ ಮೆಟ್ಟಿಲ ಹಲಗೆಯ ಮೇಲೆ ಒಂದು ಕಾಲಿಟ್ಟಿತ್ತು. ಅತ್ತೆ ಅದರ ರಟ್ಟೆ ಹಿಡಿದು ಮೆಲ್ಲಗೆ ಇಳಿಸಿದಳು.

"ಇವತ್ತ ಬ್ಯಾಡಣ್ಣಾ," ಎಂದಳು. "ಇವತ್ತ ನಾ ಕುಂತರ ನಿನ್ನ ಕತಿ ಖರೇ ಆಗ್ತೈತಿ."

ಅಪ್ಪ ಬಾಗಿಲನ್ನು ಹಿಡಿದುಕೊಂಡೇ ನಿಂತಿದ್ದರು. ಎಂಜಿನು ಓಡುತ್ತಲೇ ಇತ್ತು. ಅತ್ತೆ ಕಾಲು ಮುಟ್ಟಿ ನಮಸ್ಕಾರ ಮಾಡಿ, ಕೈಚೀಲ ಎತ್ತಿಕೊಂಡು, ಮಗುವಿನೊಡನೆ ಸ್ಟ್ಯಾಂಡಿನ ಕಡೆ ನಡೆದಳು. ಬಸ್ಸು ತಡವಾದರೆ ಮಗುವಿಗೆ ಹಸಿವಾದೀತೆಂದು ಅವ್ವ ಎರಡು ರೊಟ್ಟಿ ಸುತ್ತಿ ನನ್ನ ಕೈಗೆ ಕೊಟ್ಟಳು. ನಾನು ಮೋಟಾರನ್ನು ಸುತ್ತುಹಾಕಿ ದಾಟಿ ಅವರ ಹಿಂದೆ ಓಡಿದೆ.